74 ಒಳಗೆ, 74 ಹೊರಗೆ: ರನ್‌ವೇ ಕಾಮಗಾರಿಯ ಒಂದು ಪ್ರಕರಣ

ಊರುಗಳ ಹೆಸರನ್ನು ಇದ್ದ ಹಾಗೆಯೇ ಬರೆದಿದ್ದೇನೆ. ಮನುಷ್ಯರ, ಕಂಪನಿಯ, ವಿಮಾನ ನಿಲ್ದಾಣದ ಹೆಸರು ಬರೆದಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಆಚೀಚೆ ಮಾಡಿದ್ದೇನೆ. ನಿಲ್ದಾಣ ಕಾಸರಗೋಡಿನಿಂದ ಒಂದು ರಾತ್ರಿಯ ರೈಲು ದೂರದಲ್ಲಿದೆ ಎಂದರೆ ಸಾಕು. ಅಲ್ಲಿಗೆ ಕೆಲಸಕ್ಕೆ ಹೋದ 22 ಮಂದಿ ಮಾತ್ರ ನಮ್ಮವರು: ಬದಿಯಡ್ಕ, ಪೆರ್ಲ, ಕುಂಬಳೆ, ವರ್ಕಾಡಿ ಕಡೆಯವರು. ನಾನು ಉಪಗುತ್ತಿಗೆ ಕಂಪನಿಯ ಸುರಕ್ಷತಾ ಮೇಲ್ವಿಚಾರಕನಾಗಿದ್ದೆ.

ಹಿನ್ನೆಲೆ

ನಮ್ಮ ಹುಡುಗರಿಗೆ ಡಾಂಬರಿನ ಕೆಲಸ ಹೊಸತಲ್ಲ. ತಲಪಾಡಿಯಿಂದ ತೆಂಕಕ್ಕೆ ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥ ಮಾಡುವ ಕಾಲದಲ್ಲಿ ಹೆಚ್ಚಿನವರು ಅಲ್ಲೇ ಪಳಗಿದ್ದರು. ಒಂದು ಬದಿಯಲ್ಲಿ ಬಸ್ಸು, ಮೀನಿನ ಲಾರಿ ಓಡುತ್ತಿರುವಾಗಲೇ ಇನ್ನೊಂದು ಬದಿಯಲ್ಲಿ ಅಗೆದು, ತುಂಬಿಸಿ, ರೋಲರ್ ಹೊಡೆಯುವುದು ಅವರಿಗೆ ದಿನದ ಮಾತು. ಅದನ್ನು ನೋಡಿಯೇ ಕಂಪನಿ ಅವರನ್ನು ಆರಿಸಿತು. ತೊಂದರೆ ಹುಟ್ಟಿದ್ದೂ ಅದೇ ಅಭ್ಯಾಸದಿಂದ. ಹೆದ್ದಾರಿಯಲ್ಲಿ ಲಾರಿಯವನು ನಿಮ್ಮನ್ನು ನೋಡುತ್ತಾನೆ, ಬ್ರೇಕ್ ಹಾಕುತ್ತಾನೆ, ಬೈದುಕೊಂಡು ಹೋಗುತ್ತಾನೆ. ಗಂಟೆಗೆ 250 ಕಿ.ಮೀ. ಆಸುಪಾಸಿನ ವೇಗದಲ್ಲಿ ನೆಲ ಮುಟ್ಟುವ ವಿಮಾನದ ಪೈಲಟ್‌ಗೆ ಕತ್ತಲಲ್ಲಿ ನಿಂತ ಟ್ಯಾಂಕರ್ ಕಾಣುವುದಿಲ್ಲ. ಕಂಡರೂ ಬೈಯಲು ಪುರುಸೊತ್ತಿಲ್ಲ. ಹೆದ್ದಾರಿಯಲ್ಲಿ ಕೆಲಸ ಮುಗಿದ ಮೇಲೆ ತುಂಡು ಕಬ್ಬಿಣ, ಹರಿದ ಗೋಣಿ, ಚೆಲ್ಲಿದ ಜಲ್ಲಿ ಎಲ್ಲವನ್ನೂ ಬದಿಗೆ ನೂಕಿದರೆ ಆಯಿತು. ರನ್‌ವೇಯಲ್ಲಿ ಹಾಗೆ ನೂಕಲು ಬದಿ ಎಂಬುದೇ ಇಲ್ಲ.

ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ, ಹಗಲಿಡೀ ವಿಮಾನ. ಕೆಟ್ಟ ಜಾಗಗಳಲ್ಲಿ ಹಳೆಯ ಡಾಂಬರನ್ನು ಮಿಲ್ಲಿಂಗ್ ಮಿಷನ್‌ನಲ್ಲಿ ಕೆರೆದು ಸರಿ ಮಾಡಿ, ಮೇಲಿಂದ 5 ಸೆಂ.ಮೀ. ದಪ್ಪದ ಹೊಸ ಪದರ ಹಾಕಬೇಕಿತ್ತು. ರಾತ್ರಿ 11:30ಕ್ಕೆ ರನ್‌ವೇ ಮುಚ್ಚುವುದು, ಬೆಳಗ್ಗೆ 6ಕ್ಕೆ ತೆರೆಯುವುದು. ಮಳೆಗಾಲಕ್ಕೆ ಮೊದಲು ಮುಗಿಯಬೇಕು.

ಕಾಗದದಲ್ಲಿ ಆರೂವರೆ ಗಂಟೆ. ಕೊನೆಯ ವಿಮಾನ ಇಳಿದು, ಟವರ್‌ನ ಒಪ್ಪಿಗೆ ಬಂದು, ಬೆಂಗಾವಲು ಜೀಪಿನ ಹಿಂದೆ ಗಾಡಿಗಳು ಒಳಬಂದು, ಲೈಟ್ ಕಂಬಗಳನ್ನು ಎಬ್ಬಿಸುವಾಗ 12:05. ಬೆಳಗ್ಗೆ 4:10ರ ನಂತರ ಬಿಸಿ ಡಾಂಬರು ಹಾಕುವ ಹಾಗಿಲ್ಲ, ಏಕೆಂದರೆ ಅದು ತಣಿಯಬೇಕು. ಅಂದರೆ ಕೈಗೆ ಸಿಗುವುದು ನಾಲ್ಕು ಗಂಟೆ. ಉಳಿದದ್ದೆಲ್ಲ ಬರುವುದಕ್ಕೂ ಹೋಗುವುದಕ್ಕೂ ಸರಿ.

ಆ ಹೋಗುವ ಕೆಲಸ ಚಿಕ್ಕದಲ್ಲ. ಪ್ರತಿ ರಾತ್ರಿ ಹೊಸ ಪದರ ಎಲ್ಲಿ ನಿಲ್ಲುತ್ತದೋ ಅಲ್ಲಿ 5 ಸೆಂ.ಮೀ. ಮೆಟ್ಟಿಲು ಉಂಟಾಗುತ್ತದೆ. ಅದನ್ನು ಇಳಿಜಾರು ಮಾಡಿಯೇ ಬಿಟ್ಟುಕೊಡಬೇಕು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನುಬಂಧ 14ರ ಪ್ರಕಾರ 5 ಸೆಂ.ಮೀ. ವರೆಗಿನ ಪದರಕ್ಕೆ ಈ ಇಳಿಜಾರು ಶೇ. 0.5ರಿಂದ 1ರ ಒಳಗೆ ಇರಬೇಕು. ಲೆಕ್ಕ ಹಾಕಿದರೆ ಕನಿಷ್ಠ 5 ಮೀಟರ್ ಉದ್ದ. ಮೋರಿಯ ಹತ್ತಿರ ಅರ್ಧ ಮೀಟರಲ್ಲಿ ಇಂಥದ್ದನ್ನು ಮುಗಿಸಿ ಅಭ್ಯಾಸವಾಗಿದ್ದ ನಮ್ಮ ಮೇಸ್ತ್ರಿ ಮೊದಲ ರಾತ್ರಿ ಟೇಪ್ ಹಿಡಿದು ನಕ್ಕೇಬಿಟ್ಟರು. ಇಳಿಜಾರು ಆದ ಮೇಲೆ ನಡುಗೆರೆಗೆ ಬಣ್ಣ ಬಳಿಯಬೇಕು. ಅದಿಲ್ಲದೆ ರನ್‌ವೇ ತೆರೆಯುವ ಹಾಗಿಲ್ಲ.

ರನ್‌ವೇ ಮುಚ್ಚಿದ ವಿಷಯ ಪೈಲಟ್‌ಗಳಿಗೆ ತಿಳಿಯುವುದು ನೋಟಾಮ್ ಎಂಬ ಸೂಚನೆಯಿಂದ. ಅದರಲ್ಲಿರುವುದು ನಮ್ಮ ಗಡಿಯಾರದ ಸಮಯವಲ್ಲ, ಜಾಗತಿಕ ಸಮಯ. ರಾತ್ರಿ 11:30 ಎಂಬುದು ಅಲ್ಲಿ 1800. ನಮ್ಮ ಕಿರಿಯ ಎಂಜಿನಿಯರ್ ಮೊದಲ ದಿನ ಅದನ್ನು ಸಂಜೆ ಆರು ಎಂದು ಓದಿ, ಐದೂವರೆಗೇ ಎಲ್ಲರನ್ನೂ ಗೇಟಿನ ಹತ್ತಿರ ನಿಲ್ಲಿಸಿದ್ದ. ಈಗ ನೆನೆದರೆ ನಗು ಬರುತ್ತದೆ. ತಪ್ಪು ಆಚೆ ಬದಿಗೆ ಆಗಿದ್ದರೆ ನಗುವ ಹಾಗಿರಲಿಲ್ಲ.

ಸೂಚನೆ ಹೊರಡಿಸಿದರೆ ಮುಗಿಯಿತು ಎಂದೇನಿಲ್ಲ. 2000ದ ಅಕ್ಟೋಬರ್ 31ರಂದು ತೈಪೆಯಲ್ಲಿ ಸಿಂಗಾಪುರ ಏರ್‌ಲೈನ್ಸ್‌ನ ವಿಮಾನ ಬಿರುಗಾಳಿ ಮಳೆಯಲ್ಲಿ, ಕಾಮಗಾರಿಗೆಂದು ಮುಚ್ಚಿದ್ದ ರನ್‌ವೇಯಲ್ಲಿ ಓಟ ಶುರು ಮಾಡಿ ಅಲ್ಲಿದ್ದ ಯಂತ್ರಗಳಿಗೆ ಬಡಿಯಿತು. 83 ಮಂದಿ ತೀರಿಕೊಂಡರು. 2018ರ ಸೆಪ್ಟೆಂಬರಿನಲ್ಲಿ ತಿರುವನಂತಪುರದಿಂದ ಹೊರಟ ವಿಮಾನ ಮಾಲೆಯಲ್ಲಿ ಇನ್ನೂ ಕಟ್ಟುತ್ತಿದ್ದ ರನ್‌ವೇ ಮೇಲೆಯೇ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಎರಡೂ ಕಡೆ ಸೂಚನೆಗಳೇನೂ ಇಲ್ಲದೆ ಇರಲಿಲ್ಲ.

ನಮ್ಮಲ್ಲಿ ಆದದ್ದು ಇದರ ಮಗುಚಿದ ರೂಪ. ವಿಮಾನ ನಮ್ಮ ಜಾಗಕ್ಕೆ ಬರಲಿಲ್ಲ. ನಾವು ಅದರ ಜಾಗದಲ್ಲಿ ಉಳಿದುಬಿಟ್ಟೆವು.

ಮೂರನೇ ವಾರದ ಸೋಮವಾರ

ಭಾನುವಾರ ರಾತ್ರಿಯ ಕೆಲಸ ಮುಗಿಸಿ ಸೋಮವಾರ ಬೆಳಗ್ಗೆ 5:20ಕ್ಕೆ ಗೇಟಿನ ಪುಸ್ತಕ ಕೂಡಿಸಿದೆವು. ಬಿಸಿ ಡಾಂಬರು ತಯಾರಿಸುವ ಹಾಟ್‌ಮಿಕ್ಸ್ ಪ್ಲಾಂಟಿನ ಟಿಪ್ಪರ್‌ಗಳು ರಾತ್ರಿಯಿಡೀ ಹೋಗಿಬರುವುದರಿಂದ ಪುಸ್ತಕದಲ್ಲಿ ಬರೆಯುತ್ತಿದ್ದದ್ದು ಗಾಡಿಗಳ ಲೆಕ್ಕವಲ್ಲ, ಟ್ರಿಪ್ಪುಗಳ ಲೆಕ್ಕ. ಒಳಗೆ 74, ಹೊರಗೆ 74. ಸರಿಯಾಗಿಯೇ ಇತ್ತು. ಎಂಜಿನಿಯರ್ ವಾಕಿಟಾಕಿಯಲ್ಲಿ ಒಬ್ಬೊಬ್ಬರನ್ನೇ ಕೇಳಿದ. ಎಲ್ಲರೂ "ಕ್ಲಿಯರ್ ಸಾರ್" ಎಂದರು. 5:25ಕ್ಕೆ ನಾನು ಸಹಿ ಹಾಕಿದೆ.

ಅನಂತರ ನಿಲ್ದಾಣದವರ ಜೀಪು ತಪಾಸಣೆಗೆ ಹೊರಟಿತು. ಒಂದು ಸುತ್ತು ಹೋಯಿತು, ಏನೂ ಕಾಣಲಿಲ್ಲ. ತುದಿಯಲ್ಲಿ ತಿರುಗಿಸಿ ಬರುವಾಗ ಹೆಡ್‌ಲೈಟ್ ಓರೆಯಾಗಿ ಹುಲ್ಲಿನ ಮೇಲೆ ಬಿತ್ತು. ಅಲ್ಲೊಂದು ರೇಡಿಯಂ ಸ್ಟಿಕರ್ ಮಿನುಗಿತು. ನಡುಗೆರೆಯಿಂದ ಸುಮಾರು 60 ಮೀಟರ್ ದೂರದಲ್ಲಿ ನಮ್ಮ ನೀರಿನ ಟ್ಯಾಂಕರ್. ಬೀಕನ್, ಅಂದರೆ ಗಾಡಿಯ ಎಚ್ಚರಿಕೆ ದೀಪ, ಆರಿತ್ತು. ಡ್ರೈವರ್ ಸ್ಟೇರಿಂಗ್ ಮೇಲೆ ತಲೆಯಿಟ್ಟು ಮಲಗಿದ್ದ. ಆಗ 5:47. ಮೊದಲ ವಿಮಾನ ಹಾರುವುದು 6:10ಕ್ಕೆ.

ಲೆಕ್ಕ ಹೇಗೆ ಸರಿಹೋಯಿತು? ಟ್ಯಾಂಕರ್ ರಾತ್ರಿ ಒಂದೂವರೆಗೆ ನೀರು ತುಂಬಲು ಹೊರಗೆ ಹೋಗಿತ್ತು. ಅದನ್ನು ಬರೆದಿದ್ದರು. ಮರಳಿ ಬಂದದ್ದು ನಾಲ್ಕು ಟಿಪ್ಪರ್‌ಗಳ ಬಾಲ ಹಿಡಿದು. ಬೆಂಗಾವಲಿನ ಹಿಂದೆ ಬಂದದ್ದು ಐದು ಗಾಡಿ, ಬರೆದದ್ದು ನಾಲ್ಕು. ನಿಜವಾಗಿ ಒಳಗೆ 75, ಹೊರಗೆ 74. ಪುಸ್ತಕ ಒಂದು ತಪ್ಪಿಗೆ ಇನ್ನೊಂದು ತಪ್ಪನ್ನು ಜೊತೆ ಮಾಡಿ ತಕ್ಕಡಿ ಸರಿಮಾಡಿಕೊಂಡಿತ್ತು.

ಡ್ರೈವರ್ ಮಲಗಿದ್ದಕ್ಕೂ ಕಾರಣ ಇತ್ತು. ಶುಕ್ರವಾರ ರಾತ್ರಿ ವರ್ಕಾಡಿಯಲ್ಲಿ ಅವನ ಕುಟುಂಬದ ಮನೆಯಲ್ಲಿ ನೇಮ, ಅಂದರೆ ರಾತ್ರಿಯಿಡೀ ನಡೆಯುವ ದೈವಾರಾಧನೆ. ಬೆಳಗಿನ ತನಕ ನಿಂತು, ಹಗಲು ನೆಂಟರಿಗೆ ಬಡಿಸಿ, ಶನಿವಾರ ಸಂಜೆ ಜನರಲ್ ಬೋಗಿ ಹತ್ತಿ ಭಾನುವಾರ ಬೆಳಗ್ಗೆ ಕ್ಯಾಂಪಿಗೆ ಬಂದಿದ್ದ. ತಗಡಿನ ಶೆಡ್ಡಿನಲ್ಲಿ ಫೆಬ್ರವರಿಯ ಹಗಲು ಯಾರಿಗೆ ನಿದ್ರೆ ಬರುತ್ತದೆ? ಎರಡು ರಾತ್ರಿ ಕಣ್ಣು ಮುಚ್ಚದೆ ಮೂರನೆಯದಕ್ಕೆ ಟ್ಯಾಂಕರ್ ಹತ್ತಿದ್ದ. ನಮ್ಮ ಕಡೆ ನೇಮ, ಕೋಲ, ಯಕ್ಷಗಾನದ ಆಟ ಎಲ್ಲ ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ. ಡಾಂಬರು ಹಾಕಲು ಆಗುವುದೂ ಅದೇ ಒಣ ತಿಂಗಳುಗಳಲ್ಲಿ. ಈ ಎರಡು ಕ್ಯಾಲೆಂಡರ್ ಒಂದರ ಮೇಲೊಂದು ಕೂರುತ್ತವೆ ಎಂಬುದು ಕುಂಬಳೆಯಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೊದಲು ಮಾಡಿದ್ದು

ಎಲ್ಲರೂ ಮಾಡುವುದನ್ನೇ ಮಾಡಿದೆವು. ಡ್ರೈವರ್‌ನ ಪಾಸು ರದ್ದಾಯಿತು, ಅವನನ್ನು ಊರಿಗೆ ಕಳಿಸಿದರು. ವಸ್ತು ಬಿಟ್ಟುಬಂದರೆ, ಗಾಡಿ ತಪ್ಪಿದರೆ ದಂಡ ಎಂದು ಬೋರ್ಡ್ ಬಿತ್ತು. ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಪೋಸ್ಟರ್ ಅಂಟಿಸಿದೆವು. ಕೆಲಸ ಶುರುವಾಗುವ ಮೊದಲಿನ ಹತ್ತು ನಿಮಿಷದ ಪಾಠವನ್ನು ಇಪ್ಪತ್ತು ನಿಮಿಷ ಮಾಡಿದೆವು. ಸಹಿ ಹಾಕುವ ಕಾಗದ ಒಂದಿದ್ದದ್ದು ಮೂರಾಯಿತು. ತನಿಖಾ ವರದಿ ಬರೆದವನು ನಾನು. ಚಾಲಕನ ನಿರ್ಲಕ್ಷ್ಯ ಎಂದು ಬರೆದೆ.

ಮುಂದಿನ ಮೂರು ವಾರ 'ಕೂದಲೆಳೆಯ ಘಟನೆ', ಅಂದರೆ ಸ್ವಲ್ಪದರಲ್ಲಿ ತಪ್ಪಿದ ಅಪಾಯಗಳನ್ನು ಬರೆಯುವ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಕಂಪನಿಯವರು ಖುಷಿಯಾಗಿ ಕಚೇರಿಯ ಹೊರಗೆ ಸೊನ್ನೆ ಬರೆದು ತೂಗುಹಾಕಿದರು. ನನಗೂ ಸಮಾಧಾನವೇ ಆಗಿತ್ತು, ಸುಳ್ಳು ಹೇಳುವುದಿಲ್ಲ.

ನಾಲ್ಕು ದಿನದ ಬಿಡುವಿಗೆ ಎಲ್ಲರೂ ಊರಿಗೆ ಹೊರಟಾಗ ರೈಲಿನಲ್ಲಿ ಮೇಸ್ತ್ರಿ ನನ್ನ ಎದುರು ಬಂದು ಕೂತರು. ಪೆರ್ಲದವರು, ನನಗಿಂತ ಹತ್ತು ವರ್ಷ ದೊಡ್ಡವರು. ಸೈಟಿನಲ್ಲಿ ಸಾರ್ ಎನ್ನುತ್ತಿದ್ದವರು ರೈಲು ಬಿಟ್ಟ ಮೇಲೆ ಮಾರಾಯ್ರೆ ಎನ್ನತೊಡಗಿದರು.

"ಪುಸ್ತಕ ಖಾಲಿ ಉಂಟು ಅಂತ ನಿಮಗೆ ಸಂತೋಷ ಅಲ್ವಾ ಮಾರಾಯ್ರೆ? ಮೊನ್ನೆ ಒಂದು ಹಲ್ಲು ಬಿದ್ದಿತ್ತು."

ಹಲ್ಲು ಎಂದರೆ ಮಿಲ್ಲಿಂಗ್ ಮಿಷನ್‌ನ ಡ್ರಮ್ಮಿನಲ್ಲಿರುವ ಕೆರೆಯುವ ಮೊಳೆ. ಹೆಬ್ಬೆರಳಿಗಿಂತ ದಪ್ಪದ ಕಬ್ಬಿಣ.

"ಎಲ್ಲಿ?"

"ಅಂಚಿನ ದೀಪದ ಬುಡದಲ್ಲಿ. ಹುಡುಗ ಮರುದಿನ ರಾತ್ರಿ ಹುಡುಕಿ ಜೇಬಿಗೆ ಹಾಕ್ಕೊಂಡ."

"ಅಂದ್ರೆ ಹಗಲಿಡೀ ಅಲ್ಲೇ ಇತ್ತಾ?"

"ಇತ್ತು. ಹೇಳಿದ್ರೆ ಪಾಸು ಹೋಗ್ತದೆ. ಹೇಳದಿದ್ರೆ ಹಲ್ಲು ಮಾತ್ರ ಹೋಗ್ತದೆ. ಹುಡುಗ ಎಂತ ಮಾಡ್ಬೇಕು, ನೀವೇ ಹೇಳಿ."

ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಕಿಟಕಿಯ ಹೊರಗೆ ನೋಡುತ್ತಾ ಇನ್ನೊಂದು ಮಾತು ಸೇರಿಸಿದರು: "ಮತ್ತೆ, ನಿಮ್ಮ ಆ ಇಪ್ಪತ್ತು ನಿಮಿಷದ ಹಿಂದಿ ಪಾಠ. ನಾವು ತಲೆ ಆಡಿಸ್ತೇವೆ. ತಲೆ ಆಡಿಸದಿದ್ರೆ ಅದು ಮುಗಿಯುದಿಲ್ಲ."

ಅಡಿಕೆ ಅಂಗಳ

ಬಿಡುವಿನ ಎರಡನೇ ದಿನ ಬದಿಯಡ್ಕದ ಹತ್ತಿರ, ಮೇಸ್ತ್ರಿಯ ಅಣ್ಣನ ಮನೆಯಲ್ಲಿ ಎಲ್ಲರನ್ನೂ ಸೇರಿಸಿದೆವು. ಕಂಪನಿಗೆ ಹೇಳಿರಲಿಲ್ಲ. ಒಣಹಾಕಿದ್ದ ಅಡಿಕೆಯನ್ನು ಒಂದು ಮೂಲೆಗೆ ಎಳೆದು, ಅಂಗಳದಲ್ಲಿ ಸುಣ್ಣದ ಪುಡಿಯಿಂದ ರನ್‌ವೇ ಬರೆದೆವು. ಒಂದು ಹೆಜ್ಜೆಗೆ ಹತ್ತು ಮೀಟರ್. ಉದ್ದ ಹಿಡಿಸಲಿಲ್ಲ, ಒಂದು ತುಂಡು ಸಾಕೆಂದೆವು. ಅಗಲ ನಾಲ್ಕೂವರೆ ಹೆಜ್ಜೆ. ಗೋಟಡಿಕೆ ಟಿಪ್ಪರ್ ಆಯಿತು, ತೆಂಗಿನ ಗೆರಟೆ ಟ್ಯಾಂಕರ್, ಒಂದು ಕೊಕ್ಕೋ ಕಾಯಿ ವಿಮಾನ.

ನಾನು ಪಾಠ ಮಾಡಲಿಲ್ಲ. ಪ್ರತಿಯೊಬ್ಬರ ಕೈಗೂ ಒಂದು ಅಡಿಕೆ ಕೊಟ್ಟು, "ಕೆಲಸ ಮುಗಿದ ಮೇಲೆ ನಿಮ್ಮ ಗಾಡಿಯನ್ನು ರನ್‌ವೇಯಿಂದ ಹೊರಗೆ ತಂದು ನಿಲ್ಲಿಸಿ" ಎಂದೆ. ಒಬ್ಬೊಬ್ಬರೇ ಬಂದು ಇಟ್ಟರು. ಹೆಚ್ಚಿನವರು ಸುಣ್ಣದ ಗೆರೆಯಿಂದ ಎರಡು ಮೂರು ಹೆಜ್ಜೆ ಆಚೆಗೆ ಇಟ್ಟರು. ರೋಲರಿನವನು ಇನ್ನೂ ಜಾಗ್ರತೆಯ ಮನುಷ್ಯ, ಐದು ಹೆಜ್ಜೆ ದೂರ ಹೋದ. ಆಮೇಲೆ ನಾನು ನಡುಗೆರೆಯಿಂದ 14 ಹೆಜ್ಜೆ ಅಳೆದು ಇನ್ನೊಂದು ಗೆರೆ ಎಳೆದೆ. ಎಲ್ಲರ ಅಡಿಕೆಯೂ ಅದರ ಒಳಗೇ ಇತ್ತು.

ಕಾಗದದಲ್ಲಿ ಅದಕ್ಕೆ ರನ್‌ವೇ ಸ್ಟ್ರಿಪ್ ಎಂದು ಹೆಸರು. ನಡುಗೆರೆಯಿಂದ ಎರಡೂ ಬದಿಗೆ 140 ಮೀಟರ್. ಎರಡು ತಿಂಗಳಿಂದ ಆ ಪದವನ್ನು ಹೇಳುತ್ತಿದ್ದೆ. ಅವರು ಸ್ಟ್ರಿಪ್ ಎಂದರೆ ಡಾಂಬರಿನ ಪಟ್ಟಿ ಎಂದುಕೊಂಡಿದ್ದರು. ಇಂಗ್ಲಿಷಿನ ಪದಕ್ಕೆ ಅದು ಸಹಜವಾದ ಅರ್ಥವೇ. ಟ್ಯಾಂಕರ್ ಡ್ರೈವರ್ ಕೂಡ ಹಾಗೆಯೇ ತಿಳಿದಿರಬೇಕು: ತಾನು ಹೊರಗೆ ನಿಲ್ಲಿಸಿ ಮಲಗಿದ್ದೇನೆ ಎಂದು.

ವೆಲ್ಡಿಂಗ್ ಹುಡುಗ ವಾದಕ್ಕೆ ನಿಂತ. "ವಿಮಾನದ ರೆಕ್ಕೆ ತುದಿಯಿಂದ ತುದಿಗೆ 36 ಮೀಟರ್ ಅಂತ ನೀವೇ ಹೇಳಿದ್ದು. ನಡುವಿನಿಂದ 18. ಟ್ಯಾಂಕರ್ 60ರಲ್ಲಿ ಇತ್ತಲ್ಲ, ಮುಟ್ಟುವುದು ಹೇಗೆ?"

ಒಳ್ಳೆಯ ಪ್ರಶ್ನೆ. ಇಂಥ ಪ್ರಶ್ನೆ ಸೈಟಿನಲ್ಲಿ ಒಮ್ಮೆಯೂ ಬಂದಿರಲಿಲ್ಲ. ಕೊಕ್ಕೋ ಕಾಯನ್ನು ನಡುಗೆರೆಯ ಮೇಲೆ ಉರುಳಿಸಿದೆ. ಅದು ತನ್ನ ಸೊಟ್ಟ ಹೊಟ್ಟೆಯಿಂದಾಗಿ ಎಡಕ್ಕೆ ಹೊರಳಿ ಹುಲ್ಲಿನ ಜಾಗಕ್ಕೆ ಹೋಗಿ ನಿಂತಿತು. ನೇರ ಹೋಗುವ ವಿಮಾನಕ್ಕೆ ಸ್ಟ್ರಿಪ್ ಬೇಕಿಲ್ಲ. ಟಯರ್ ಒಡೆದು, ಗಾಳಿ ನೂಕಿ, ಮಳೆಯಲ್ಲಿ ಜಾರಿ ಪಕ್ಕಕ್ಕೆ ಹೋಗುವ ವಿಮಾನಕ್ಕಾಗಿ ಅಷ್ಟು ಜಾಗವನ್ನು ಬರಿದಾಗಿ ಇಡುವುದು ಎಂದೆ.

ಜಗಲಿಯಲ್ಲಿ ಕೂತು ಎಲೆ ಹಾಕುತ್ತಿದ್ದ ಮೇಸ್ತ್ರಿಯ ಅಮ್ಮ ಕೇಳಿದರು: "ಬಜ್ಪೆಯಲ್ಲಿ ಬಿದ್ದದ್ದೂ ಹೀಗೆಯಾ ಮಗಾ?"

ಅಲ್ಲ ಎಂದೆ. 2010ರ ಮೇ 22ರಂದು ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಬಿದ್ದ ಆ ವಿಮಾನ ರನ್‌ವೇಯ ತುದಿ ದಾಟಿ ಕೆಳಗೆ ಹೋದದ್ದು. ಅಲ್ಲಿ ಕಾಮಗಾರಿಯ ಮಾತಿಲ್ಲ. 158 ಜನ ಹೋದರು, ಅವರಲ್ಲಿ ನಮ್ಮ ಜಿಲ್ಲೆಯವರು ತುಂಬ. ಆದರೆ ವಿಮಾನ ನಿಲ್ಲಬೇಕಾದಲ್ಲಿ ನಿಲ್ಲದೆ ಹೋದಾಗ ಅದಕ್ಕೆ ಬರಿದಾದ ನೆಲ ಬೇಕಾಗುತ್ತದೆ ಎಂಬುದು ಎರಡಕ್ಕೂ ಒಂದೇ. ಅಂಗಳದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೂರು ನಾಲ್ಕು ಮಂದಿ ತಾವಾಗಿಯೇ ಎದ್ದು ತಮ್ಮ ಅಡಿಕೆಯನ್ನು ಹೊರಗಿನ ಗೆರೆಯಿಂದಾಚೆ ಇಟ್ಟರು.

ಆ ದಿನ ಗೊತ್ತಾದ ಇನ್ನೊಂದು ಸಂಗತಿ 'ಕ್ಲಿಯರ್' ಎಂಬ ಪದದ್ದು. ರೋಲರಿನವನು ಕ್ಲಿಯರ್ ಎಂದರೆ ತನ್ನ ಕೆಲಸ ಮುಗಿಯಿತು ಎಂದರ್ಥ. ಬಣ್ಣದವರು ಕ್ಲಿಯರ್ ಎಂದರೆ ಬಣ್ಣ ಒಣಗಿತು ಎಂದರ್ಥ. ಎಂಜಿನಿಯರ್ ಕೇಳಿಸಿಕೊಳ್ಳುತ್ತಿದ್ದದ್ದು ಮಾತ್ರ ಆ ಜಾಗದಲ್ಲಿ ಮನುಷ್ಯ, ಗಾಡಿ ಏನೂ ಇಲ್ಲ ಎಂದು. ಆ ಸೋಮವಾರ ವಾಕಿಟಾಕಿಯಲ್ಲಿ ಬಂದ ಉತ್ತರಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಬದಲಿಗೆ ಯಾವ ಪದ ಇಡೋಣ ಎಂದು ಚರ್ಚೆಯಾಯಿತು. ಕೊನೆಗೆ ಗೆದ್ದದ್ದು 'ಖಾಲಿ'. ಕನ್ನಡದಲ್ಲೂ ತುಳುವಿನಲ್ಲೂ ಮಲಯಾಳದಲ್ಲೂ ಹಿಂದಿಯಲ್ಲೂ ಒಂದೇ ಅರ್ಥ, ಸೈಟಿನಲ್ಲಿ ನಮ್ಮ ಜೊತೆಗಿದ್ದ ಬಂಗಾಳದ ಹುಡುಗರಿಗೂ ಗೊತ್ತು. ಕೆಲಸ ಆದರೆ 'ಮುಗೀತು'. ಕಣ್ಣಾರೆ ನೋಡಿ, ಏನೂ ಇಲ್ಲವಾದರೆ ಮಾತ್ರ 'ಖಾಲಿ'.

ಬಿಲ್ಲೆ, ಹಲ್ಲು, ನೇಮದ ಪಟ್ಟಿ

ಗಾಡಿ ಎಣಿಸುವ ಉಪಾಯ ಹೇಳಿದ್ದು ಬಣ್ಣದ ಕೆಲಸದ ಹುಡುಗ. ಜಾತ್ರೆಯಲ್ಲಿ ಚಪ್ಪಲಿ ಇಟ್ಟಾಗ ಕೊಡುವ ತಗಡಿನ ಬಿಲ್ಲೆಯ ಹಾಗೆ ಮಾಡಿ ಎಂದ. ಪ್ರತಿ ಗಾಡಿಗೆ ಒಂದು ಬಿಲ್ಲೆ. ಒಳಗೆ ಹೋಗುವಾಗ ಡ್ರೈವರ್ ಅದನ್ನು ಗೇಟಿನ ಹಲಗೆಯ ಮೊಳೆಗೆ ತೂಗುಹಾಕಬೇಕು, ಹೊರಬರುವಾಗ ತೆಗೆದುಕೊಳ್ಳಬೇಕು. ಎಷ್ಟು ಸಲ ಹೋಗಿಬಂದರೂ ಹಲಗೆಯ ಮೇಲಿರುವುದು ಆ ಕ್ಷಣಕ್ಕೆ ಒಳಗಿರುವ ಗಾಡಿ ಮಾತ್ರ. ಕೂಡಿಸುವ ಕಳೆಯುವ ಕೆಲಸವೇ ಇಲ್ಲ. ಹಲಗೆ ಬರಿದಾದರೆ ರನ್‌ವೇ ಬರಿದು.

ಹಲ್ಲುಗಳಿಗೂ ಹಾಗೆಯೇ. ಡ್ರಮ್ಮಿನಲ್ಲಿ ನೂರೈವತ್ತರ ಆಸುಪಾಸು ಹಲ್ಲುಗಳಿರುತ್ತವೆ. ಸವೆದದ್ದನ್ನು ರಾತ್ರಿ ನಡುವೆಯೇ ಬದಲಿಸಬೇಕಾಗುತ್ತದೆ. ಹಳೆ ಹಲ್ಲು ಕೊಟ್ಟರೆ ಮಾತ್ರ ಹೊಸ ಹಲ್ಲು ಎಂದು ಮಾಡಿದೆವು. ಕಬ್ಬಿಣದ ಇಷ್ಟು ಸಣ್ಣ ತುಂಡಿಗೆ ಇಷ್ಟು ರಗಳೆ ಯಾಕೆ ಎಂದವರಿಗೆ ಕಾಂಕಾರ್ಡ್ ಕಥೆ ಹೇಳಿದೆ. 2000ದ ಜುಲೈ 25ರಂದು ಪ್ಯಾರಿಸಿನಲ್ಲಿ, ಮುಂಚೆ ಹೋದ ವಿಮಾನದಿಂದ ಕಳಚಿ ಬಿದ್ದಿದ್ದ ಒಂದು ಮೊಳ ಉದ್ದದ ಲೋಹದ ಪಟ್ಟಿ ಅದರ ಟಯರನ್ನು ಸೀಳಿತು. ಟಯರಿನ ತುಂಡು ಹಾರಿ ಇಂಧನ ಟ್ಯಾಂಕಿಗೆ ಬಡಿಯಿತು. 113 ಮಂದಿ. ಮೇಸ್ತ್ರಿ ತಮ್ಮ ಮೊಣಕೈಯಿಂದ ಬೆರಳತುದಿವರೆಗೆ ನೋಡಿಕೊಂಡು ಸುಮ್ಮನಾದರು.

ನೇಮದ ಪಟ್ಟಿ ಮಾಡಿಸಿದ್ದಕ್ಕೆ ಕಂಪನಿಯ ಮ್ಯಾನೇಜರ್ ನಕ್ಕರು. ಪ್ರತಿಯೊಬ್ಬರ ಕುಟುಂಬದ ನೇಮ, ತರವಾಡಿನ ಕಳಿಯಾಟ, ಊರ ಜಾತ್ರೆ, ಮದುವೆಗಳ ದಿನ ಬರೆದು ಕ್ಯಾಂಪಿನ ಗೋಡೆಗೆ ಅಂಟಿಸಿದೆವು. ಹೋಗಿ ಬಂದವನಿಗೆ ಒಂದು ಇಡೀ ರಾತ್ರಿ ನಿದ್ರೆಯಾಗದೆ ಗಾಡಿ ಕೊಡುವುದಿಲ್ಲ. ಆ ರಾತ್ರಿಯ ಕೂಲಿ ಕಡಿತವಿಲ್ಲ. ಈ ಕೊನೆಯ ಮಾತಿಗೆ ಒಪ್ಪಿಸುವುದರಲ್ಲಿ ಹತ್ತು ದಿನ ಹೋಯಿತು. ಕೂಲಿ ಕಡಿದರೆ ಯಾರೂ ನಿಜವಾದ ದಿನಾಂಕ ಬರೆಯುವುದಿಲ್ಲ ಎಂದು ಮೇಸ್ತ್ರಿ ಹೇಳಿದ್ದೇ ಕೊನೆಗೆ ನಾಟಿತು. ದಂಡದ ಬೋರ್ಡನ್ನು ಕೆಳಗಿಳಿಸಿದೆವು. ತಾನಾಗಿ ಹೇಳಿದವನ ಪಾಸಿಗೆ ಕೈಹಾಕುವುದಿಲ್ಲ ಎಂದು ನಿಲ್ದಾಣದ ಕರ್ತವ್ಯಾಧಿಕಾರಿಯ ಬಾಯಿಂದಲೇ ಎಲ್ಲರೆದುರು ಹೇಳಿಸಿದೆವು.

ಎಲ್ಲವೂ ಹೇಳಿದ ಹಾಗೆ ನಡೆಯಲಿಲ್ಲ. ವಾರದೊಳಗೆ ಒಬ್ಬ ಟಿಪ್ಪರಿನವನು ಇಬ್ಬರು ಗೆಳೆಯರ ಬಿಲ್ಲೆಯನ್ನೂ ತಾನೇ ತೆಗೆದುಕೊಂಡು ಹೊರಬಂದ, "ಹಿಂದೆಯೇ ಬರ್ತಾ ಇದ್ದಾರೆ" ಎನ್ನುತ್ತಾ. ಬರುತ್ತಲೂ ಇದ್ದರು. ಆದರೂ ಅಂದಿನಿಂದ ಬಿಲ್ಲೆಯ ಮೇಲೆ ಡ್ರೈವರ್‌ನ ಫೋಟೊ ಅಂಟಿಸಿ, ಹಲಗೆಯ ಹತ್ತಿರ ಒಬ್ಬರನ್ನು ಕೂರಿಸಬೇಕಾಯಿತು.

5:05

ಏಪ್ರಿಲಿನ ಒಂದು ಬೆಳಗ್ಗೆ ಹಲಗೆ ಬರಿದಾಗಿತ್ತು, ಎಲ್ಲರೂ 'ಖಾಲಿ' ಎಂದಾಗಿತ್ತು. ಹಲ್ಲಿನ ಡಬ್ಬಿಯಲ್ಲಿ ಒಂದು ಕಡಿಮೆ. ಬಂದು ಹೇಳಿದ್ದು ಅದೇ ಹುಡುಗ, ಹಿಂದೆ ಜೇಬಿಗೆ ಹಾಕಿಕೊಂಡವನು. ಆಗ 5:05. ಮತ್ತೆ ಎಣಿಸಿದೆವು. ಒಂದು ಕಡಿಮೆಯೇ.

ಎಂಜಿನಿಯರ್ ನನ್ನ ಮುಖ ನೋಡಿದ. ಗುತ್ತಿಗೆಯ ಕಾಗದದಲ್ಲಿ ರನ್‌ವೇ ತಡವಾಗಿ ಬಿಟ್ಟುಕೊಟ್ಟರೆ ನಿಮಿಷಕ್ಕೆ ಇಂತಿಷ್ಟು ದಂಡ ಎಂದಿತ್ತು. ಹಲ್ಲು ಕೆರೆದ ಪುಡಿಯ ಜೊತೆ ಟಿಪ್ಪರ್ ಸೇರಿ ಹೊರಗೆ ಹೋಗಿರುವ ಸಾಧ್ಯತೆಯೇ ಹೆಚ್ಚು, ಅದು ನನಗೂ ಗೊತ್ತಿತ್ತು. ಕರ್ತವ್ಯಾಧಿಕಾರಿಗೆ ಫೋನ್ ಮಾಡಿ, "ರನ್‌ವೇ ಕೊಡಲು ಆಗುವುದಿಲ್ಲ, ಎಣಿಕೆ ಹೊಂದುತ್ತಿಲ್ಲ" ಎಂದೆ.

"ಬಿದ್ದದ್ದು ಖಚಿತವೋ, ಸಂಶಯವೋ?"

"ಖಚಿತ ಇಲ್ಲ ಸಾರ್. ಇಲ್ಲ ಅಂತ ಹೇಳುವುದಕ್ಕೂ ಆಗುವುದಿಲ್ಲ."

ಅವರು ಬೇರೇನೂ ಕೇಳಲಿಲ್ಲ. ಮುಚ್ಚುವ ಅವಧಿಯನ್ನು ವಿಸ್ತರಿಸಿದರು. ಬರುತ್ತಿದ್ದ ಒಂದು ವಿಮಾನ ಮೇಲೆ ಸುತ್ತು ಹಾಕಿತು, ಇನ್ನೊಂದು ಬೇರೆ ನಿಲ್ದಾಣಕ್ಕೆ ಹೋಯಿತು. ನಮ್ಮವರೆಲ್ಲರೂ ಬಂಗಾಳದ ಹುಡುಗರೂ ಟಾರ್ಚ್ ಹಿಡಿದು, ಭುಜಕ್ಕೆ ಭುಜ ಕೊಟ್ಟು ಸಾಲಾಗಿ ನಡೆದೆವು. ಗದ್ದೆಯಲ್ಲಿ ನೇಜಿ ನೆಡುವ ಸಾಲಿನ ಹಾಗೆ, ಆದರೆ ಮುಂದಕ್ಕೆ. ರನ್‌ವೇಯಲ್ಲಿ ಏನೂ ಸಿಗಲಿಲ್ಲ. 6:20ಕ್ಕೆ ಮೇಸ್ತ್ರಿ ಗೇಟಿನ ಹೊರಗಿದ್ದ ಮಿಲ್ಲಿಂಗ್ ಮಿಷನ್‌ನ ಕನ್ವೇಯರ್ ಬೆಲ್ಟಿನ ಸಂದಿಗೆ ಕೈ ಹಾಕಿ ಹಲ್ಲನ್ನು ಹೊರಗೆ ಎಳೆದರು. ರನ್‌ವೇ ತೆರೆದಾಗ 6:35.

ಏಳು ಗಂಟೆಗೆ ಕಂಪನಿಯ ಫೋನ್ ಬಂತು. ಬಳಸಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಒಂದು ಹಲ್ಲಿಗೆ ಎಷ್ಟು ಲಕ್ಷ ಎಂಬುದು ಸಾರಾಂಶ. ನಮ್ಮನ್ನು ಉಳಿಸಿದ್ದು ಕರ್ತವ್ಯಾಧಿಕಾರಿ ತಮ್ಮ ದಾಖಲೆಯಲ್ಲಿ ಬರೆದ ಒಂದು ಸಾಲು: ಎಣಿಕೆ ಹೊಂದಿರಲಿಲ್ಲ, ಗುತ್ತಿಗೆದಾರರ ಕಡೆಯವರೇ ತಿಳಿಸಿದರು, ವಿಳಂಬ ಸಕಾರಣ. ಆ ಸಾಲಿನಿಂದ ದಂಡ ಬೀಳಲಿಲ್ಲ. ಆ ವಾರದಿಂದ 'ಕೂದಲೆಳೆ' ಪುಸ್ತಕ ತುಂಬತೊಡಗಿತು: ಕಟ್ಟು ಸಡಿಲವಾದ ಬ್ಯಾರಿಕೇಡ್, ತೂಕಡಿಸಿದ ಟಿಪ್ಪರಿನವ, ತಪ್ಪು ತಿರುವಿನಿಂದ ಹಿಂದೆ ಬಂದ ಜೀಪು. ಸೊನ್ನೆಯ ಬೋರ್ಡನ್ನು ಯಾರೋ ತೆಗೆದು ಚಹಾ ಮೇಜಿನ ಕಾಲಿಗೆ ಆನಿಸಿದ್ದರು. ಮೇ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ ಕೆಲಸ ಮುಗಿಯಿತು.

ಇಂಥ ಕೆಲಸಕ್ಕೆ ಹೋಗುವವರಿಗೆ

ನನ್ನ ಅನುಭವದಲ್ಲಿ ಡಾಂಬರು ಬಿಸಿಯಾಗಿರುವ ಹೊತ್ತಿಗಿಂತ ಅಪಾಯ ಹೆಚ್ಚಿರುವುದು ಬಿಟ್ಟುಕೊಡುವ ಕೊನೆಯ ಮುಕ್ಕಾಲು ಗಂಟೆಯಲ್ಲಿ. ಎಲ್ಲರಿಗೂ ಸುಸ್ತು, ಎಲ್ಲರಿಗೂ ಹೊರಡುವ ಅವಸರ. ಅನುಭವಸ್ಥನನ್ನು ಡಾಂಬರು ಹಾಸುವ ಪೇವರ್ ಯಂತ್ರದ ಹತ್ತಿರ ನಿಲ್ಲಿಸಿ, ಗೇಟಿನಲ್ಲಿ ಎಣಿಸಲು ಹೊಸ ಹುಡುಗನನ್ನು ಕೂರಿಸುವುದು ನಾವು ಮಾಡಿದ ತಪ್ಪು. ಟ್ರಿಪ್ಪುಗಳನ್ನು ಎಣಿಸಬೇಡಿ, ಗಾಡಿಗಳನ್ನು ಎಣಿಸಿ.

ದಂಡದ ಷರತ್ತು ಇರುವ ಗುತ್ತಿಗೆಗೆ ಸಹಿ ಹಾಕುವ ಮೊದಲೇ 'ಸಿದ್ಧವಿಲ್ಲ' ಎಂದು ತಾನಾಗಿ ಹೇಳಿದ ಬೆಳಗ್ಗೆಗೆ ಅದು ಅನ್ವಯಿಸುವುದಿಲ್ಲ ಎಂದು ಬರೆಸಿಕೊಳ್ಳಿ. ನಮಗೆ ಒಬ್ಬ ಒಳ್ಳೆಯ ಅಧಿಕಾರಿ ಸಿಕ್ಕಿದ್ದರು. ನಿಮಗೂ ಸಿಗುತ್ತಾರೆ ಎಂದು ನಂಬಿ ಕೂರಬೇಡಿ. ಟನ್ನಿನ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿಯನ್ನು ಬದಲಾಯಿಸಲು ನನ್ನಿಂದ ಆಗಲಿಲ್ಲ. ಕೊನೆಯ ಎರಡು ಟಿಪ್ಪರ್ ಸುರಿಯಲು 4:10ರ ಗೆರೆಯನ್ನು ದಾಟುವ ಆಸೆ ಕೊನೆಯ ರಾತ್ರಿಯವರೆಗೂ ಇತ್ತು.

ಮತ್ತೆ, ಜನ ಯಾವ ಭಾಷೆಯಲ್ಲಿ ಜಗಳ ಆಡುತ್ತಾರೋ ಆ ಭಾಷೆಯಲ್ಲಿ ಪಾಠ ಮಾಡಿ. ಜಗಳ ಆಡದವನು ಪ್ರಶ್ನೆಯನ್ನೂ ಕೇಳುವುದಿಲ್ಲ.

ಮರು ವರ್ಷ ಜನವರಿಯಲ್ಲಿ ಕುಂಬಳೆ ಜಾತ್ರೆಯ ಬೆಡಿಯ (ಸಿಡಿಮದ್ದಿನ) ರಾತ್ರಿ ಗದ್ದಲದಲ್ಲಿ ಆ ಟ್ಯಾಂಕರ್ ಡ್ರೈವರ್ ಸಿಕ್ಕಿದ. ಈಗ ಹೊಸಂಗಡಿಯಲ್ಲಿ ಆಟೋ ಓಡಿಸುತ್ತಾನೆ. ಮುಖ ತಪ್ಪಿಸುತ್ತಾನೆ ಎಂದುಕೊಂಡಿದ್ದೆ, ಅವನೇ ಹತ್ತಿರ ಬಂದ. ಚಹಾ ಕುಡಿದೆವು. ಅಂಗಳದ ಕಥೆ, ಬಿಲ್ಲೆಯ ಕಥೆ ಎಲ್ಲ ಅವನ ಕಿವಿಗೂ ಬಿದ್ದಿತ್ತು.

"ನಿದ್ರೆ ಮಾಡಿದ್ದು ನನ್ನ ತಪ್ಪೇ ಅಣ್ಣ, ಅದರಲ್ಲಿ ಮಾತಿಲ್ಲ" ಎಂದ. "ಆದರೆ ಬೀಕನ್ ಯಾಕೆ ಆರಿಸಿದ್ದು ಅಂತ ನೀವು ಒಮ್ಮೆಯೂ ಕೇಳ್ಲಿಲ್ಲ."

"ಯಾಕೆ?"

"ಬ್ಯಾಟರಿ ಹೋಗಿತ್ತು. ಎರಡು ವಾರದಿಂದ ಹೇಳ್ತಾ ಇದ್ದೆ. ಗಾಡಿ ನಿಂತಾಗ ಬೀಕನ್ ಆರಿಸು, ಇಲ್ಲದಿದ್ರೆ ಸ್ಟಾರ್ಟ್ ಆಗುದಿಲ್ಲ ಅಂತ ನಮ್ಮ ವರ್ಕ್‌ಶಾಪಿನವರೇ ಹೇಳಿದ್ದು."

ಮನೆಗೆ ಬಂದು ಹಳೆಯ ವರದಿಯ ಪ್ರತಿ ತೆಗೆದು ನೋಡಿದೆ. ನಾಲ್ಕನೇ ಪುಟ: 'ಎಚ್ಚರಿಕೆ ದೀಪವನ್ನು ಚಾಲಕನು ನಿರ್ಲಕ್ಷ್ಯದಿಂದ ಆರಿಸಿದ್ದನು.' ಕೆಳಗೆ ನನ್ನ ಸಹಿ. ವರ್ಕ್‌ಶಾಪಿನ ಪುಸ್ತಕವನ್ನು ತರಿಸಿ ನೋಡಿದ ಬಗ್ಗೆ ಐದು ಪುಟಗಳಲ್ಲಿ ಎಲ್ಲಿಯೂ ಒಂದು ಸಾಲಿಲ್ಲ.